ಮತ್ತೆ ಕೇಳಿಸಿದ ಅಶ್ವತ್ಥ್

ನಮ್ಮದು ಶ್ರೀರಂಗಪಟ್ಟಣದ ಪಕ್ಕದ ಹಳ್ಳಿ. ನಾನು ಚಿಕ್ಕವಳಿದ್ದಾಗ ಸಿ. ಅಶ್ವತ್ಥ್ ಅವರ ದನಿ ಕಿವಿಗೆ ಬೀಳದ ದಿನವಿರಲಿಲ್ಲ. ಅವರು ಸಂಗೀತ ನೀಡಿದ ‘ಸಂತ ಶಿಶುನಾಳ ಶರೀಫ’ ಚಿತ್ರ ತೆರೆಕಂಡದ್ದು 1990ರಲ್ಲಿ. ಶರೀಫರ ಹಾಡುಗಳು ಅಪ್ಪನ ಟೇಪ್‌ರೆಕಾರ್ಡರಿನಲ್ಲಿ, ಆಲೆಮನೆಯಲ್ಲಿ, ಗಣೇಶನ ಪೆಂಡಾಲಿನಲ್ಲಿ, ನವೆಂಬರ್ ಬಂದರೆ ರಾಜ್ಯೋತ್ಸವದ ಮೈಕಿನಲ್ಲಿ. ಕೋಳಿ ಕೋಡಗವನ್ನು ನುಂಗುವ ತತ್ವಪದಕ್ಕೆ ಶಾಲಾ ವಾರ್ಷಿಕೋತ್ಸವದಲ್ಲಿ ಮೂರು ವರ್ಷ ಕುಣಿದಿದ್ದೇನೆ. ಅರ್ಥವನ್ನು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕಾಲೇಜು ಸೇರುವ ಹೊತ್ತಿಗೆ ಆ ಏರುದನಿ ಶುರುವಾದರೆ ಸಾಕು, ಎದ್ದು ಹೋಗುತ್ತಿದ್ದೆ.

ಅಭ್ಯಾಸ ಬೋಧನೆಯಲ್ಲಿ ಒಂಬತ್ತನೇ ತರಗತಿಗೆ ಪೂರಕ ಚಟುವಟಿಕೆಯಾಗಿ ಅದೇ ತತ್ವಪದ ನನ್ನ ಪಾಲಿಗೆ ಬಂತು. ಹಾಡು ಕೇಳಿಸದೆ, ಸಾಲುಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ. ಕೋಡಗ ಎಂದರೆ ಕೋತಿ ಎಂದಷ್ಟೇ ಹೇಳಿದೆ.

“ಮಿಸ್, ಕೋಳಿ ಕೋತಿನ ಹೆಂಗ್ ನುಂಗ್ತದೆ?” ಎಂದಳು ಮುಂದಿನ ಬೆಂಚಿನ ಹುಡುಗಿ. ತರಗತಿ ನಕ್ಕಿತು. ಗೋಡೆ ಸುಣ್ಣವನ್ನು ನುಂಗುವ ಮಾತು ಬಂದಾಗ ಹಿಂದಿನಿಂದ ಒಬ್ಬ ಎದ್ದ: “ಅದು ನಿಜ ಮಿಸ್. ನಮ್ಮನೆ ಮಣ್ಣಿನ ಗೋಡೆಗೆ ಎಷ್ಟು ಸುಣ್ಣ ಹೊಡುದ್ರೂ ಕುಡ್ಕೊಬುಡ್ತದೆ.” ಒರಳೊಳಗೆ ಇಳಿಯುವ ಒನಕೆಯನ್ನು ಇನ್ನೊಬ್ಬಳು ನೆನೆದಳು. ಅಲ್ಲಿಂದ ನಗು ನಿಂತು ಯೋಚನೆ ಶುರುವಾಯಿತು. ಕೊನೆಯಲ್ಲಿ ಗುರುವಿನ ಪಾದ ಹಾಡುವವನನ್ನೇ ನುಂಗುತ್ತದೆ. “ಅವ್ನು ಸತ್ತೋದ್ನಾ?” ಎಂಬ ಪ್ರಶ್ನೆಗೆ ಮಕ್ಕಳೇ ಉತ್ತರ ಕೊಟ್ಟರು: “ಇಲ್ಲ, ಸುಣ್ಣದಂಗೆ ಸೇರ್ಕೊಂಡ.”

ಆಮೇಲೆ ಹಾಡು ಹಾಕಿದೆ, ಒಂದೇ ಸಲ. ಕುಣಿಯುವಾಗ ನಮಗೆ ಬೇಕಿದ್ದದ್ದು ತಾಳವೊಂದೇ. ಈಗ ಮಾತು ಕೇಳಿಸಿತು. ಕಂಠವನ್ನು ಪೂರ್ತಿ ತೆರೆದು, ‘ನುಂಗು’ ಎಂಬ ಆ ಒಂದು ಕ್ರಿಯಾಪದವನ್ನು ಅಶ್ವತ್ಥ್ ಪ್ರತಿ ಸಲವೂ ಅಚ್ಚರಿಯಿಂದ ಹಾಡುತ್ತಾರೆ. ಕೊನೆಯಲ್ಲಿ ತನ್ನನ್ನೇ ಕಳೆದುಕೊಳ್ಳುವಾಗ ಆ ದನಿಯಲ್ಲಿ ಅಳಲಿಲ್ಲ, ಸಂಭ್ರಮವಿದೆ. ನಮ್ಮ ಕೆ.ಆರ್. ಪೇಟೆಗೆ ಹೊಂದಿಕೊಂಡ ಚನ್ನರಾಯಪಟ್ಟಣದಲ್ಲಿ 1939ರಲ್ಲಿ ಹುಟ್ಟಿದವರು, ಧಾರವಾಡದ ಕಡೆಯ ನುಡಿಯನ್ನು ನಮ್ಮ ಆಲೆಮನೆಗಳವರೆಗೆ ತಂದರು. 2009ರಲ್ಲಿ ಅವರು ತೀರಿಕೊಂಡರು.

ಮಕ್ಕಳಿಗೆ ಪರಿಚಿತವಾದದ್ದರಿಂದ ಪಾಠ ಆರಂಭಿಸಿ ಎಂದು ನಾವು ಕಲಿಯುತ್ತೇವೆ. ಆದರೆ ಅತಿಪರಿಚಯ ಪ್ರಶ್ನೆಯನ್ನೇ ನುಂಗಿಬಿಡುತ್ತದೆ. ಅಂಥ ಪದ್ಯವಿದ್ದರೆ ಧ್ವನಿಮುದ್ರಣವನ್ನು ಪೀಠಿಕೆಗೆ ಬಳಸದೆ ಕೊನೆಗೆ ಇಟ್ಟುಕೊಳ್ಳಿ ಎಂಬುದು ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ. ಮೊದಲು ಮಕ್ಕಳು ಕೇಳಲಿ, ಆಮೇಲೆ ಹಾಡು ಕೇಳಿಸಲಿ.