ಬೆಳೆಯುವ ಹುಡುಗನ ಬೂಟು

ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿರೆಂದು ಸಂಘದ ಬಂಧುಗಳು ಕೇಳಿದಾಗ ಸಿದ್ಧೇಶ್ವರನ ಗಡ್ಡಾ ಜಾತ್ರೆಯ ಕುರಿತು ಬರೆಯೋಣವೆಂದು ನಾವಿಬ್ಬರೂ ಕುಳಿತೆವು. ಆದರೆ ಸಂಕ್ರಾಂತಿಯ ಮಾತು ಬಂದೊಡನೆ ನಮಗೀಗ ನಂದಿಧ್ವಜಗಳ ಜೊತೆಗೆ ಒಂದು ಜೊತೆ ಬೂಟುಗಳೂ ಕಣ್ಣೆದುರು ಬಂದು ನಿಲ್ಲುತ್ತವೆ. ಅವುಗಳ ಸಂಗತಿಯನ್ನೇ ಮೊದಲು ಹೇಳಿಬಿಡುತ್ತೇವೆ.

ಎರಡು ವರ್ಷಗಳ ಹಿಂದೆ ಮಗಳ ಎರಡನೆಯ ಬಾಣಂತನಕ್ಕೆಂದು ನವೆಂಬರಿನಲ್ಲಿ ಸೊಲ್ಲಾಪುರದಿಂದ ಕೆನಡಾದ ಕ್ಯಾಲ್ಗರಿಗೆ ಹೋದೆವು. ಪೆಟ್ಟಿಗೆಯಲ್ಲಿ ಅಂಟಿನುಂಡೆ, ಶೇಂಗಾ ಚಟ್ನಿ, ಎರಡು ಚಾದರಗಳು. ನಮ್ಮಲ್ಲೊಬ್ಬರು ಚಾದರದ ಕಾರಖಾನೆಯಲ್ಲಿ ಲೆಕ್ಕ ಬರೆದು ನಿವೃತ್ತರಾದವರು, ಮತ್ತೊಬ್ಬರು ಕನ್ನಡ ಶಾಲೆಯಲ್ಲಿ ಕಲಿಸಿದವರು. ಹಿಮವನ್ನು ಕ್ಯಾಲೆಂಡರಿನ ಚಿತ್ರಗಳಲ್ಲಿ ಬಿಟ್ಟರೆ ಎಲ್ಲಿಯೂ ಕಂಡಿರಲಿಲ್ಲ. ಒಂಬತ್ತು ವರ್ಷದ ಮೊಮ್ಮಗನಿಗೆ ಮಾತ್ರ ಆ ಚಳಿಗಾಲದಲ್ಲಿ ತಂಗಿ ಹುಟ್ಟುವುದಕ್ಕಿಂತ ದೊಡ್ಡದಾದ ಇನ್ನೊಂದು ಸಂಭ್ರಮವಿತ್ತು. ಜನವರಿಯಿಂದ ಪ್ರತಿ ಶನಿವಾರ ಸ್ನೋಬೋರ್ಡ್ ಕಲಿಯಲು ಅವನ ಹೆಸರು ಹಚ್ಚಿಸಿದ್ದರು.

ಸ್ನೋಬೋರ್ಡ್ ಎಂದರೆ ಹಿಮದ ಇಳಿಜಾರಿನಲ್ಲಿ ಅಡ್ಡಲಾಗಿ ನಿಂತು ಜಾರುವ ಒಂದೇ ಹಲಗೆ; ಎರಡೂ ಕಾಲುಗಳನ್ನು ಅದಕ್ಕೆ ಬಿಗಿದಿರುತ್ತಾರೆ. ಮನೆಯಲ್ಲಿ ನಾವು ಅದನ್ನು ಹಲಗಿ ಎಂದೇ ಕರೆದೆವು. ಹೋಳಿಯ ಹಲಗಿಯನ್ನು ನೋಡಿದ್ದ ಮೊಮ್ಮಗ, "ಅಜ್ಜಾ, ಇದನ್ನ ಬಾರ್ಸೂದಲ್ಲ, ಇದರ ಮ್ಯಾಲೆ ನಿಂದ್ರೂದು" ಎಂದು ತಿದ್ದಿದನು. 1965ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಶೆರ್ಮನ್ ಪಾಪೆನ್ ಎಂಬವರು ಮಗಳ ಆಟಕ್ಕೆಂದು ಎರಡು ಸ್ಕೀ ಪಟ್ಟಿಗಳನ್ನು ಜೋಡಿಸಿ ಕಟ್ಟಿಕೊಟ್ಟದ್ದೇ ಇದರ ಮೂಲವಂತೆ. ಹಿಮ ಮತ್ತು ಅಲೆಯಾಟಗಳ ಇಂಗ್ಲಿಷ್ ಹೆಸರುಗಳನ್ನು ಕೂಡಿಸಿ ಅದಕ್ಕೆ ಸ್ನರ್ಫರ್ ಎಂದು ಹೆಸರಿಟ್ಟವರು ಅವರ ಹೆಂಡತಿ. ಕ್ಯಾಲ್ಗರಿಯಲ್ಲಿ 1988ರಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದಾಗ ಈ ಆಟ ಅದರಲ್ಲಿ ಇರಲಿಲ್ಲ. ಹತ್ತು ವರ್ಷಗಳ ಅನಂತರ ಜಪಾನಿನ ನಾಗಾನೋದಲ್ಲಿ ಸೇರಿತು. ಇಷ್ಟನ್ನೆಲ್ಲ ನಮಗೆ ಪಾಠ ಮಾಡಿದವನು ಮೊಮ್ಮಗನೇ.

ಡಿಸೆಂಬರಿನ ಒಂದು ದಿನ ಅಳಿಯಂದಿರು ನಮ್ಮ ಮೂವರನ್ನೂ ಅಂಗಡಿಯ ಬಾಗಿಲಲ್ಲಿ ಇಳಿಸಿ, ಕೈಯಲ್ಲೊಂದು ಚೀಟಿ ಕೊಟ್ಟು, ಮಗಳನ್ನೂ ಕೂಸನ್ನೂ ವೈದ್ಯರಿಗೆ ತೋರಿಸಲು ಹೋದರು. ಅಂಗಡಿಯ ಹುಡುಗಿ ಮೊದಲು ಕೇಳಿದ್ದು ಅವನ ತೂಕವನ್ನು. ನಿಲ್ಲಿಸಿದ ಹಲಗೆ ಗದ್ದಕ್ಕೂ ಮೂಗಿಗೂ ನಡುವೆ ಬಂದರೆ ಸರಿ ಎಂಬುದು ಒಂದು ಅಂದಾಜು ಮಾತ್ರ, ಹಲಗೆಯನ್ನು ಬಾಗಿಸುವುದು ಎತ್ತರವಲ್ಲ, ತೂಕ ಎಂದಳು. ಬಳಿಕ ಹುಡುಗನನ್ನು ಹಿಂದಿನಿಂದ ಮೆಲ್ಲಗೆ ತಳ್ಳಿದಳು. ಅವನು ಬಲಗಾಲು ಮುಂದಿಟ್ಟನು. "ಗೂಫಿ" ಎಂದು ನಕ್ಕಳು. ನಮ್ಮ ಮೊಮ್ಮಗನನ್ನು ಪೆದ್ದನೆಂದಳೇ ಎಂದು ನಾವು ಮುಖ ಗಂಟಿಕ್ಕಿದೆವು. ಎಡಗಾಲು ಮುಂದಿಟ್ಟು ಜಾರುವವರು ರೆಗ್ಯುಲರ್, ಬಲಗಾಲು ಮುಂದಿಡುವವರು ಗೂಫಿ. ಅದಕ್ಕೆ ತಕ್ಕಂತೆ ಹಲಗೆಯ ಮೇಲೆ ಕಾಲಿನ ಪಟ್ಟಿಗಳನ್ನು ಕೂಡಿಸಬೇಕು, ಅಷ್ಟೆ.

ಬಟ್ಟೆಯ ವಿಷಯದಲ್ಲಿ ನಮಗೆ ನಿಜವಾಗಿ ನೋವಾಯಿತು. ಒಳಗೆ ಹತ್ತಿಯ ಬನಿಯನ್ನು ಬೇಡ, ಹತ್ತಿಯ ಕಾಲುಚೀಲವೂ ಬೇಡ ಎಂದಳು. ಹತ್ತಿ ಬೆವರನ್ನು ಹೀರಿ ಹಿಡಿದುಕೊಳ್ಳುತ್ತದೆ, ಒದ್ದೆಯಾದ ಮೇಲೆ ಮೈಯ ಬಿಸಿಯನ್ನು ಕಾಯುವುದಿಲ್ಲ. ಮೈಗೆ ಹತ್ತಿ ಉಣ್ಣೆಯ ತೆಳು ಅಂಗಿ, ಅದರ ಮೇಲೆ ಬೆಚ್ಚನೆಯದೊಂದು, ಎಲ್ಲಕ್ಕೂ ಮೇಲೆ ನೀರು ಒಳಬಿಡದ ಕೋಟು ಇರಬೇಕು ಎಂದಳು. ಕೋಟಿನ ಚೀಟಿಯ ಮೇಲೆ 10,000 ಎಂದಿತ್ತು. ಬೆಲೆಯೇ ಎಂದು ಎದೆ ಧಸಕ್ಕೆಂದಿತು; ಅಷ್ಟು ಮಿಲಿಮೀಟರ್ ಎತ್ತರದ ನೀರಿನ ಒತ್ತಡವನ್ನು ಆ ಬಟ್ಟೆ ತಡೆಯುತ್ತದೆ ಎಂಬ ಲೆಕ್ಕವಂತೆ ಅದು. ಜೀವಮಾನವೆಲ್ಲ ಹತ್ತಿಯ ಅನ್ನ ಉಂಡ ನಾವು ಸುಮ್ಮನೆ ತಲೆಯಾಡಿಸಿದೆವು. ಶಿರಸ್ತ್ರಾಣದ ವಿಷಯದಲ್ಲಿ ಚೌಕಾಸಿ ಮಾಡಲಿಲ್ಲ. ತಲೆಯ ಮಾತು ಅದು.

ತಪ್ಪಿದ್ದು ಬೂಟಿನಲ್ಲಿ. ಹಲಗೆಯಂತೆ ಬೂಟನ್ನೂ ಋತುವಿಗಿಷ್ಟೆಂದು ಬಾಡಿಗೆಗೆ ಪಡೆಯಬಹುದಿತ್ತು. ಕಂಡವರ ಕಾಲಿನದನ್ನು ಮೊಮ್ಮಗನಿಗೆ ತೊಡಿಸುವುದೇ ಎಂದು ನಾವು ಹೊಸದನ್ನೇ ಕೇಳಿದೆವು. ಹೊಸದೆಂದ ಮೇಲೆ, ಡಾಲರನ್ನು ಅರವತ್ತರಿಂದ ಗುಣಿಸಿದ ಮೇಲೆ, ಎರಡು ವರ್ಷವಾದರೂ ಬರಬೇಡವೇ? ನಮ್ಮ ಮನೆಗಳಲ್ಲಿ ಮಕ್ಕಳ ಬಟ್ಟೆಯನ್ನು ಎಂದಾದರೂ ಅಳತೆಗೆ ಸರಿಯಾಗಿ ಹೊಲಿಸಿದ್ದುಂಟೇ! ಹಿಂದಿನ ಸಲ ಅವನು ಸೊಲ್ಲಾಪುರಕ್ಕೆ ಬಂದಾಗ ಜಾತ್ರೆಗೆಂದು ಹೊಲಿಸಿದ ಬಾರಾಬಂದಿಯೂ ನಾಲ್ಕು ಬೆರಳು ದೊಡ್ಡದೇ ಇತ್ತು. ಕಸಿ ಬಿಗಿದು ಕಟ್ಟಿದರೆ ಮೈಗೆ ಕೂಡುತ್ತಿತ್ತು. ಬೂಟಿಗೂ ಲೇಸು ಇದೆಯಲ್ಲ, ಬಿಗಿದರಾಯಿತು ಎಂದು ಒಂದೂವರೆ ಅಳತೆ ದೊಡ್ಡದನ್ನು ಆರಿಸಿದೆವು. ಹುಡುಗಿ ಎರಡು ಸಲ ಬೇಡವೆಂದಳು. ಮಣಿಕಟ್ಟಿನ ಕಾಪುಗಳನ್ನೂ ತಂದಿಟ್ಟಿದ್ದಳು. ಅದೊಂದು ಹೆಚ್ಚಿನ ಖರ್ಚೆಂದು ಹಿಂದಿರುಗಿಸಿದೆವು. ಮೊಮ್ಮಗ ನಾಲ್ಕು ಹೆಜ್ಜೆ ನಡೆದು, "ಸ್ವಲ್ಪ ಸಡ್ಲ ಆಗ್ತದ ಆಯಿ" ಎಂದನು. "ಬೆಳೀತಿ ಬಿಡೋ" ಎಂದೆವು.

ಊರಿನ ಪಶ್ಚಿಮಕ್ಕೆ ಒಲಿಂಪಿಕ್ಸಿನ ಆಟಗಳು ನಡೆದ ಗುಡ್ಡವಿದೆ. ಅಲ್ಲಿಯೇ ಪಾಠ. ಸಂಕ್ರಾಂತಿಯ ಮರುವಾರ ನಾವು ಗಾಜಿನ ಹಿಂದೆ ಚಹಾ ಹಿಡಿದು ನಿಂತಿದ್ದೆವು. ಬೂಟು ತುಂಬಲೆಂದು ಅವನಿಗೆ ಎರಡು ಜೊತೆ ಕಾಲುಚೀಲ ಹಾಕಿದ್ದೆವು. ಹೊರಗಿನದು ನಮ್ಮೂರಿನ ಹತ್ತಿಯದು. ಉಳಿದ ಮಕ್ಕಳು ಬಿದ್ದರು, ಎದ್ದರು, ಹೊತ್ತು ಕಳೆದಂತೆ ಬೀಳುವುದು ಕಡಿಮೆಯಾಯಿತು. ಇವನದು ಕಡಿಮೆಯಾಗಲಿಲ್ಲ. ಈ ಹಲಗೆ ತಿರುಗುವುದು ಬೆರಳಿನ ಕಡೆಗೋ ಹಿಮ್ಮಡಿಯ ಕಡೆಗೋ ಭಾರ ಹಾಕಿ ಅದರ ಅಂಚನ್ನು ಒತ್ತಿದಾಗ. ಬೂಟಿನೊಳಗೆ ಹಿಮ್ಮಡಿಯೇ ಮೇಲೇಳುತ್ತಿದ್ದರೆ ಆ ಒತ್ತಡ ಅಂಚಿಗೆ ತಲುಪುವುದೇ ಇಲ್ಲ. ಇದೆಲ್ಲ ಆಮೇಲೆ ತಿಳಿದದ್ದು. ಅಂದು ಕಂಡದ್ದು, ಅವನು ಕೈಯೂರಿ ಬಿದ್ದದ್ದು, ಏಳದೆ ಹಾಗೆಯೇ ಕುಳಿತದ್ದು, ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು ನಮ್ಮೆಡೆಗೆ ನಡೆದು ಬಂದದ್ದು.

ಎಲುಬು ಮುರಿದಿರಲಿಲ್ಲ, ಮಣಿಕಟ್ಟು ಉಳುಕಿತ್ತು. ರಾತ್ರಿ ಮಗಳು ಕಾಲುಚೀಲ ಬಿಚ್ಚಿದಾಗ ಎರಡೂ ಹಿಮ್ಮಡಿಗಳ ಬೊಕ್ಕೆ ಒಡೆದು ಚೀಲಕ್ಕೆ ಅಂಟಿಕೊಂಡಿತ್ತು. ಅದು ಮೂರನೆಯ ಶನಿವಾರ.

"ಯಾಕೋ ಹೇಳ್ಲಿಲ್ಲ?" ಎಂದಳು ಮಗಳು.

ಅವನು ನಮ್ಮ ಕಡೆಗೆ ನೋಡಲಿಲ್ಲ. "ಅಜ್ಜ-ಆಯಿ ರೊಕ್ಕಾ ಕೊಟ್ಟು ಹೊಸಾವು ಕೊಡ್ಸ್ಯಾರ" ಎಂದನು.

ಮಗಳು ನಮಗೇನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು. ಅಡುಗೆಮನೆಯಲ್ಲಿ ನಾವಿಬ್ಬರೂ ಬಹಳ ಹೊತ್ತು ಕುಳಿತಿದ್ದೆವು. ಅಂಗಡಿಯಲ್ಲಿ ಅವನು ಸಡಿಲವೆಂದು ಹೇಳಿದ್ದನು, ನಾವು ಕೇಳಿರಲಿಲ್ಲ; ಎರಡನೆಯ ಸಲ ಹೇಳುವುದನ್ನು ಅವನು ಬಿಟ್ಟುಬಿಟ್ಟಿದ್ದನು. ನಮ್ಮ ಮಗಳೂ ಚಿಕ್ಕಂದಿನಲ್ಲಿ ಚಪ್ಪಲಿಯ ತುದಿಗೆ ಹತ್ತಿ ತುರುಕಿಕೊಂಡು ಶಾಲೆಗೆ ಹೋದವಳು. ಆಕೆ ಏನನ್ನೆಲ್ಲ ಹೇಳದೆ ಉಳಿದಳೋ ಎಂಬ ಮಾತು ನಮ್ಮಲ್ಲೊಬ್ಬರ ಬಾಯಿಂದ ಬಂತು. ಇನ್ನೊಬ್ಬರು ಉತ್ತರಿಸಲಿಲ್ಲ.

ಕೈ ನೆಟ್ಟಗಾದ ಮೇಲೆ ಅದೇ ಅಂಗಡಿಗೆ ಹೋದೆವು. ಬಳಸಿದ ಬೂಟನ್ನು ಅವರು ಮರಳಿ ಪಡೆಯುವಂತಿರಲಿಲ್ಲ, ನಾವೂ ಕೇಳಲಿಲ್ಲ. ಅದೇ ಹುಡುಗಿ ತೆಳುವಾದ ಒಂದೇ ಉಣ್ಣೆಯ ಕಾಲುಚೀಲ ತೊಡಿಸಿ, ಬಾಡಿಗೆಯ ಬೂಟು ಹಾಕಿ, ನೆಟ್ಟಗೆ ನಿಲ್ಲಲು ಹೇಳಿದಳು. ಬೆರಳು ತುದಿಗೆ ತಾಕಬೇಕು. ಮೊಣಕಾಲು ಬಗ್ಗಿಸಲು ಹೇಳಿದಳು. ಬೆರಳು ಸ್ವಲ್ಪ ಹಿಂದೆ ಸರಿಯಬೇಕು, ಹಿಮ್ಮಡಿ ಕದಲಬಾರದು. ಹೇಗಿದೆಯೆಂದು ನಾವು ಮೊಮ್ಮಗನನ್ನು ಮೂರು ಸಲ ಕೇಳಿದೆವು. ಮೂರನೆಯ ಸಲ ಅವನಿಗೆ ಬೇಸರವಾಯಿತು. ಮಣಿಕಟ್ಟಿನ ಕಾಪುಗಳನ್ನೂ ಕೊಂಡೆವು. ಕಲಿಯುವವರು ಹೆಚ್ಚಾಗಿ ಪೆಟ್ಟು ಮಾಡಿಕೊಳ್ಳುವುದು ಅಲ್ಲಿಯೇ ಎಂದು ಆಕೆ ಹೇಳಿದಳು, ಮೊದಲೇ ಹೇಳಿದ್ದೆನಲ್ಲ ಎಂದು ಮಾತ್ರ ಹೇಳಲಿಲ್ಲ. ಫೆಬ್ರವರಿಯ ಕೊನೆಯ ಶನಿವಾರ ಅವನು ಗುಡ್ಡದ ಅರ್ಧದಿಂದ ಬೀಳದೆ ನಮ್ಮ ಗಾಜಿನವರೆಗೆ ಬಂದನು.

ಕಳೆದ ಚಳಿಗಾಲದಲ್ಲಿ ಅವನ ಫೋನು ಬಂದಿತ್ತು. "ಅಜ್ಜಾ, ಆ ದೊಡ್ಡ ಬೂಟು ಈಗ ಬರೊಬ್ಬರಿ ಆಗ್ಯಾವ."

ಈ ಸಂಕ್ರಾಂತಿಗೆ ಅವರೆಲ್ಲರೂ ಸೊಲ್ಲಾಪುರಕ್ಕೆ ಬರುವವರಿದ್ದಾರೆ. ಹಳೆಯ ಬಾರಾಬಂದಿ ಇನ್ನು ಅವನಿಗೆ ಆಗದು. ಮೊನ್ನೆ ಬಿಳಿಯ ಬಟ್ಟೆ ಒಯ್ದು ದರ್ಜಿಯ ಮುಂದಿಟ್ಟೆವು. "ಬೆಳ್ಯೂ ಹುಡುಗ, ನಾಕು ಬೆರಳು ಹೆಚ್ಚು ಬಿಡ್ಲೇನ್ರಿ?" ಎಂದು ಅವರು ವಾಡಿಕೆಯಂತೆ ಕೇಳಿದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಕ್ಯಾಲ್ಗರಿಯಲ್ಲಿ ಆಗ ನಡುರಾತ್ರಿ. ನಾಳೆ ಅಳತೆ ಕೇಳಿ ತಿಳಿಸುತ್ತೇವೆಂದು ಬಟ್ಟೆಯನ್ನು ಅಲ್ಲಿಯೇ ಬಿಟ್ಟು ಬಂದೆವು.