ಡಬ್ಬಿ ಬಿಚ್ಚಿಸ್ರಿ

ನಮ್ಮ ಕಲಬುರಗಿ ಸೀಮೆಯ ಕಮಲಾಪುರ ಅಂದ್ರೆ ಹೊರಗಿನವರಿಗೆ ಕೆಂಪು ಬಾಳೆ. ನಮಗೆ ಇನ್ನೊಂದು ಬೆಳೆಯ ಸುದ್ದಿಯೂ ಗೊತ್ತು. 2022ರ ಸೆಪ್ಟೆಂಬರಿನಲ್ಲಿ ಗಾಂಜಾ ಹೊಲ ಹುಡುಕಿ ಮಹಾರಾಷ್ಟ್ರ ಗಡಿಗೆ ಹೋದ ಕಲಬುರಗಿಯ ಇನ್‌ಸ್ಪೆಕ್ಟರ್ ಶ್ರೀಮಂತ ಇಲ್ಲಾಳ ಅವರನ್ನು ಗುಂಪೊಂದು ಸಾಯುವ ಹಾಗೆ ಹೊಡೆದಿತ್ತು.

ಆದ್ರೂ ‘ಒಂದೀಟು ಇಟ್ಕೊಂಡ್ರ ಏನಾಗ್ತದ’ ಅನ್ನೋರು ಇದ್ದಾರೆ. 1985ರ ಎನ್‌ಡಿಪಿಎಸ್ (ಮಾದಕವಸ್ತು ತಡೆ) ಕಾಯ್ದೆಯಲ್ಲಿ 1 ಕಿಲೋವರೆಗಿನ ಗಾಂಜಾ ‘ಅಲ್ಪ ಪ್ರಮಾಣ’. ಅದಕ್ಕೂ ಒಂದು ವರ್ಷದವರೆಗೆ ಜೈಲು ಆಗಬಹುದು. 20 ಕಿಲೋ ದಾಟಿದರೆ ಕನಿಷ್ಠ 10 ವರ್ಷ.

ಹೊರದೇಶಕ್ಕೆ ಹೋದರೆ ಇನ್ನೂ ಬಿಗಿ ಕಾನೂನು ಎದುರಾಗಬಹುದು: ಸಿಂಗಪುರದಲ್ಲಿ 500 ಗ್ರಾಂ ಮೀರಿ ಗಾಂಜಾ ಸಾಗಿಸಿದರೆ ಗಲ್ಲು ಆಗಬಹುದು. 2023ರ ಏಪ್ರಿಲ್‌ನಲ್ಲಿ ತಂಗರಾಜು ಸುಪ್ಪಯ್ಯ ಅನ್ನುವವನನ್ನು ಸುಮಾರು 1 ಕಿಲೋ ಗಾಂಜಾ ಸಾಗಾಟದ ಪ್ರಕರಣದಲ್ಲಿ ಗಲ್ಲಿಗೇರಿಸಿದರು. ಮಾಲು ಅವನ ಕೈಯಲ್ಲಿ ಸಿಕ್ಕಿರಲೂ ಇಲ್ಲ. ಫೋನ್ ನಂಬರ್ ಹಿಡಿದು ಅವನವರೆಗೆ ಬಂದಿದ್ದರು.

ನಮ್ಮಲ್ಲಿ ದುಬೈಗೋ ಸೌದಿಗೋ ಹೊರಟವರ ಕೈಗೆ ‘ನಮ್ಮ ಅಣ್ಣಗ ಇದೊಂದು ಮುಟ್ಟಿಸ್ರಿ’ ಅಂತ ಡಬ್ಬಿ ಕೊಡೋದು ಇದ್ದದ್ದೇ. ಅದರೊಳಗೆ ಗಾಂಜಾ ಇದ್ದರೂ ಗೊತ್ತಾಗಲ್ಲ, ಆದ್ರೂ ಬಿಚ್ಚಿ ತೋರಿಸ್ರಿ ಅನ್ನೋಕೆ ಸಂಕೋಚ. ಕಸ್ಟಮ್ಸ್‌ನವರಿಗೆ ಆ ಸಂಕೋಚ ಇರಲ್ಲ ನೋಡ್ರಿ.