ಒಂದರಿಂದ ಆರಕ್ಕೆ, ಆರರಿಂದ ಒಂದಕ್ಕೆ

12345654321. ಎಡದಿಂದ ಓದಿ, ಬಲದಿಂದ ಓದಿ, ಒಂದೇ. ಒಂದರಿಂದ ಆರರ ತನಕ ಮೆಟ್ಟಿಲು ಹತ್ತಿ, ಅಷ್ಟೇ ನಿಧಾನವಾಗಿ ಇಳಿಯುವ ಸಂಖ್ಯೆ. ಕಾಮರ್ಸ್ ಓದುವ ನಮಗೆ ಅಂಕಿ ಎಂದರೆ ದುಡ್ಡು. ಬ್ಯಾಲೆನ್ಸ್ ಶೀಟಿನಲ್ಲಿ ಇದನ್ನು ಕಂಡರೆ, ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಚಿಲ್ಲರೆ, ಯಾರದಪ್ಪಾ ಇದು ಎಂದು ಕೇಳುತ್ತೇವೆ.

ಇದು ಯಾರ ದುಡ್ಡೂ ಅಲ್ಲ, ಗೆಳೆಯರೇ. ಮಹಾವೀರಾಚಾರ್ಯರು ಸುಮಾರು 850ರಲ್ಲಿ ಬರೆದ ‘ಗಣಿತಸಾರಸಂಗ್ರಹ’ದ ಲೆಕ್ಕ ಇದು. 27994681ನ್ನು 441ರಿಂದ ಗುಣಿಸಿ, ಬರುತ್ತದೆ. ಇಂಥ ಕೆಲವು ಗುಣಲಬ್ಧಗಳನ್ನು ಅವರು ಕೊರಳ ಹಾರ ಎಂದೇ ಕರೆದರು. ಗ್ರಂಥ ಸಂಸ್ಕೃತದ್ದು; ಆದರೆ ಆರಂಭದಲ್ಲಿ ಹೊಗಳಿಸಿಕೊಂಡವನು ನಮ್ಮ ನೃಪತುಂಗ, ‘ಕವಿರಾಜಮಾರ್ಗ’ದ ಅಮೋಘವರ್ಷ. ಮಾನ್ಯಖೇಟ ದೂರವಾಯಿತು ಎನ್ನುವವರು ಬೊರಿವಲಿಯಲ್ಲಿ ಇಳಿದು ಕಾನ್ಹೇರಿ ಗುಹೆಗಳಿಗೆ ಹೋಗಬಹುದು. ಅವನ ಸಾಮಂತರಾದ ಶಿಲಾಹಾರರ ಶಾಸನಗಳು ಅಲ್ಲಿವೆ, ಅವನ ಹೆಸರೂ ಇದೆ. ಅದರಲ್ಲೊಂದು ಶಕ 799ರದು, ಎಂದರೆ 877.

ಹಾರದ ದಾರ ಎಲ್ಲಿದೆ? 441 ಎಂದರೆ 21ರ ವರ್ಗ. 27994681 ಎಂದರೆ 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಅಲ್ಲಿಗೆ ಗುಟ್ಟು ರಟ್ಟಾಯಿತು: ನಮ್ಮ ಸಂಖ್ಯೆ ಆರು ಒಂದುಗಳ ವರ್ಗ. 111111ನ್ನು ಆರು ಸಾಲು ಬರೆಯಿರಿ, ಪ್ರತಿ ಸಾಲನ್ನೂ ಒಂದು ಸ್ಥಾನ ಎಡಕ್ಕೆ ಸರಿಸಿ, ಕೂಡಿಸಿ. ಯಾವ ಸ್ಥಾನದಲ್ಲೂ ಮೊತ್ತ ಆರನ್ನು ದಾಟುವುದಿಲ್ಲ, ಕೈಯಲ್ಲಿ ಏನೂ ಉಳಿಯುವುದಿಲ್ಲ. ಒಂಬತ್ತು ಒಂದುಗಳ ತನಕ ಈ ಆಟ ನಡೆಯುತ್ತದೆ. ಹತ್ತಕ್ಕೆ ಹೋದಿರೋ, ನಡುವಿನ ಸ್ಥಾನದಲ್ಲಿ ಹತ್ತು ಬಂದು, ಕೈಯಲ್ಲಿ ಒಂದು ಉಳಿದು, 1234567900987654321 ಆಗಿ ಹಾರ ಹರಿಯುತ್ತದೆ.

ಇದನ್ನೆಲ್ಲ ನಾನು ಲೋಕಲ್ ಟ್ರೇನಿನಲ್ಲಿ ನಿಂತು ‘ಏಳೇಳ್ಲಿ ನಲವತ್ತೊಂಬತ್ತು’ ಎನ್ನುತ್ತಲೇ ಮಾಡಿದ್ದು. ಕನ್ನಡ ಮಾಧ್ಯಮದವನಿಗೆ ಅಕೌಂಟ್ಸ್ ಹತ್ತೀತೇ ಎಂದು ನನ್ನನ್ನು ಕೇಳಿದವರಿದ್ದಾರೆ. ಹತ್ತಿದೆ. ಡೆಬಿಟ್ಟು ಕ್ರೆಡಿಟ್ಟು ಇಂಗ್ಲಿಷಿನಲ್ಲಿ, ಒಳಗಿನ ಮಗ್ಗಿ ಕನ್ನಡದಲ್ಲಿ. ಪಕ್ಕದಲ್ಲಿ ಕೂರುವ ಗುಜರಾತಿ ಗೆಳೆಯನ ತುಟಿ ನೋಡಿದ್ದೇನೆ. ಅವನೂ ಗುಣಿಸುವುದು ತನ್ನ ಗುಜರಾತಿಯಲ್ಲೇ.

ನನಗೆ ಭಯ ಇರುವುದು ಬೇರೆ ಕಡೆ. ಹೋಟೆಲಿನ ಗಲ್ಲಾದಲ್ಲಿ ಕೂತು ಬರುವ ಅಪ್ಪ ರಾತ್ರಿ ಊಟಕ್ಕೆ ಕೂತಾಗ ‘ನಲವತ್ತೊಂಬತ್ತು’ ಅಂದರೆ, ಇಂಗ್ಲಿಷ್ ಮಾಧ್ಯಮದ ತಂಗಿ, ‘ಅಂದ್ರೆ ಎಷ್ಟು ಪಪ್ಪಾ?’ ಅನ್ನುತ್ತಾಳೆ. ಅಪ್ಪ ‘ಫಾರ್ಟಿ ನೈನ್’ ಎಂದು ಹೇಳಿ ಅನ್ನ ಕಲಸುತ್ತಾರೆ. ಶಾಸನ ಸಾವಿರ ವರ್ಷ ಕಲ್ಲಿನ ಮೇಲೆ ನಿಲ್ಲುತ್ತದೆ. ಮಗ್ಗಿಗೆ ಬಾಯಿಯೇ ಬೇಕು.

ಮೊನ್ನೆ ಅವಳಿಗೆ ಆರು ಸಾಲು ಒಂದುಗಳನ್ನು ಬರೆದು ಕೊಟ್ಟೆ. ಕನ್ನಡದಲ್ಲಿ ಕೂಡಿಸು ಎಂದೆ. ಆರರ ಆಚೆ ಹೋಗಬೇಕಾಗಿಲ್ಲ. ಅಷ್ಟು ಅವಳಿಗೆ ಬರುತ್ತದೆ.